ಕುಲ್ಸುಮ್ ಸಿಸ್ಟರ್ ಸಾಯುವ ಪಾಠ

ರಾಯಚೂರಿನ ನಮ್ಮ ನರ್ಸಿಂಗ್ ಶಾಲೆಯಲ್ಲಿ ಉಮ್ಮೇ ಕುಲ್ಸುಮ್ ಸಿಸ್ಟರ್ ದಿನಾ ಸಾಯುತ್ತಿದ್ದರು. ಎಂಬತ್ತೆರಡನೇ ಇಸವಿಯ ಮಾತು. ಬೆಂಗಳೂರಿನ ಪರೀಕ್ಷಾ ಮಂಡಳಿಯವರಿಗೆ ಅದೇನು ಬುದ್ಧಿ ಬಂತೋ, ಪರೀಕ್ಷೆಯನ್ನೇ ಬದಲಿಸಿಬಿಟ್ಟರು. ಇನ್ನು ಬಾಯಿಪಾಠ ಒಪ್ಪಿಸಿದರೆ ಸಾಲದು, ರೋಗಿಯ ಮಂಚದ ಪಕ್ಕ ನಿಲ್ಲಿಸಿ ಪರೀಕ್ಷಿಸುತ್ತಾರಂತೆ. ನಾವೋ ಉರು ಹೊಡೆದೇ ಅಲ್ಲಿವರೆಗೆ ಬಂದವರು.

ನಮ್ಮನ್ನು ತಯಾರು ಮಾಡಲು ಸಿಸ್ಟರ್ ತಾವೇ ಕುತ್ತಿಗೆವರೆಗೆ ಕಂಬಳಿ ಹೊದ್ದು ಮಂಚದ ಮೇಲೆ ಮಲಗಿಬಿಡುತ್ತಿದ್ದರು. ಒಳಗೆ ಕೆಂಪು ನೀರಲ್ಲಿ ಅದ್ದಿದ ಬಟ್ಟೆ, ರಕ್ತ ಹೋಗುತ್ತಿದೆ ಎಂಬ ಲೆಕ್ಕಕ್ಕೆ. "ನಾ ಬಾಣಂತಿ. ನೋಡ್ರಿ ನನ್ನ." ಬಾಣಂತಿಯ ಕಂಬಳಿ ತೆಗೆದರೆ ಗಾಳಿ ಸೋಕುತ್ತದೆಂದು ಕೇಳಿಯೇ ಬೆಳೆದವರು ನಾವು. ಅದರಲ್ಲೂ ಟೀಚರನ್ನು ಮುಟ್ಟುವುದೇ? ಕೈಕಟ್ಟಿ ನಿಂತು, "ಹ್ಯಾಂಗದೀರ್ರಿ ಸಿಸ್ಟರ್?" ಎನ್ನುತ್ತಿದ್ದೆವು.

"ನಾ ಸತ್ತೆ. ಮುಂದಿನಾಕಿ ಬಾ."

ಅವರನ್ನು ಹೆಚ್ಚು ಸಲ ಸಾಯಿಸಿದವಳು ನಮ್ಮ ಕ್ಲಾಸಿನ ಗಬ್ಬೂರಿನ ಮಾನಮ್ಮ. ಆಗಲೇ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಬಿಡಿಸಿ ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಆ ಹುಡುಗಿ ಊಟವನ್ನೇ ಬಿಟ್ಟಿತ್ತು.

ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ್ದು ಅದೇ ಬೆಳಿಗ್ಗೆ ಹೆತ್ತ ಬಾಣಂತಿ. ತಲೆದೆಸೆಯಲ್ಲಿ ಅತ್ತೆ, ಬಾಗಿಲಲ್ಲಿ ಮಾತಾಡುವಂತಿಲ್ಲದ ಸಿಸ್ಟರ್, ಮುಂದಿನ ಸರದಿಯ ನಾನು. ಬಾಣಂತಿಯ ಆರೈಕೆಯನ್ನು ಕ್ರಮವಾಗಿ ಹೇಳು ಎಂದರು ಪರೀಕ್ಷಕರು. ಮಾನಮ್ಮ ಸರಾಗವಾಗಿ ಶುರುಮಾಡಿ, ಬಾಣಂತಿಯ ಮುಖ ನೋಡಿ ನಿಂತುಬಿಟ್ಟಳು. ಬಾಣಂತಿಯ ತುಟಿ ಬೆಳ್ಳಗಾಗಿತ್ತು.

"ಮುಂದೆ?"

ಹೇಳೇ ಹಾಳಾದವಳೇ ಎಂದು ನಾನು ಮನಸ್ಸಲ್ಲೇ ಬೈದೆ. ಅವಳು ಕಂಬಳಿಗೆ ಕೈ ಹಾಕಿದಳು. ಅತ್ತೆ ಆ ಕೈ ಹಿಡಿದುಕೊಂಡಳು.

"ತಗೀಬ್ಯಾಡ ಯವ್ವಾ, ಗಾಳಿ ಹೊಕ್ಕತದ."

"ಕೈ ಬಿಡ್ರಿ."

ಕಂಬಳಿ ಎಳೆದಾಗ ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ಗರ್ಭಕೋಶ ಬಿಗಿದು ರಕ್ತ ನಿಲ್ಲಲೆಂದು ಮಾನಮ್ಮ ಹೊಕ್ಕುಳ ಕೆಳಗೆ ಅಂಗೈ ಒತ್ತಿ ತಿಕ್ಕತೊಡಗಿದಳು. "ನಿಂತೇನ್ ನೋಡ್ತೀರಿ, ಡಾಕ್ಟರ್ನ ಕರೀರಿ" ಎಂದು ಗದರಿದ್ದು ಪರೀಕ್ಷಕರಿಗೇ. ಅವರು ಓಡಿದರು.

ಬಾಣಂತಿ ಉಳಿದಳು. ಮಾನಮ್ಮ ರಕ್ತದ ಕೈಯಲ್ಲೇ ವರಾಂಡದಲ್ಲಿ ಕೂತು ಅಳುತ್ತಿದ್ದಳು. "ಉತ್ತರ ಅರ್ಧಕ್ಕ ಬಿಟ್ಟೆ ಸಿಸ್ಟರ್. ನಂದು ಮುಗೀತು."

ಬೆವರೊರೆಸಿಕೊಳ್ಳುತ್ತ ಬಂದ ಪರೀಕ್ಷಕರು, "ಅದೇ ಉತ್ತರ ಕಣಮ್ಮ, ಪಾಸಾದೆ" ಎಂದು ಒಳಗೆ ಹೋದರು.

ಸಿಸ್ಟರ್ ನೀರು ತಂದು ಅವಳ ಕೈ ತೊಳೆದರು, ತೊಳೆದ ಮೇಲೂ ಬಿಡಲಿಲ್ಲ.

"ಮಾನ್ವಿಯೊಳಗ ನಮ್ಮ ಅಕ್ಕನೂ ಹಡದು ಹಿಂಗ ಮಲಗಿದ್ಲು ಬೇ" ಎಂದರು. "ಸುತ್ತ ಮನಿ ತುಂಬ ಮಂದಿ. ಒಬ್ಬರೂ ಕಂಬಳಿ ಸರಸಲಿಲ್ಲ."