ಲೇಬಲ್ ಇಲ್ಲದ ಚೀಸ್

ಹೋದ ಶನಿವಾರ ಸಿಡ್ನಿಯ ನಮ್ಮ ಸಬರ್ಬಿನ ಸಂತೆಯಲ್ಲಿ ಅಂಗಡಿಯವಳೊಬ್ಬಳು ಚಾಕುವಿನ ತುದಿಯಲ್ಲಿ ಮೇಕೆಹಾಲಿನ ಚೀಸಿನ ಚೂರೊಂದನ್ನು ನನ್ನತ್ತ ಚಾಚಿದಳು. ಒದ್ದೆ ಹುಲ್ಲು, ಹಳೇ ಗೋಣಿಚೀಲ, ಹುಳಿಮೊಸರು ಎಲ್ಲ ಸೇರಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಒಂಬತ್ತು ವರ್ಷದವಳಾದೆ. ಪಕ್ಕದಲ್ಲಿ ಅಮ್ಮ ನಿಂತಿದ್ದಳು, ಫ್ರಾನ್ಸಿನ ಯಾವುದೋ ಹಳ್ಳಿಯಲ್ಲಿ, ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು.

ನಮ್ಮದು ಮೆಲ್ಬರ್ನಿನ ವೆರಿಬೀಯಲ್ಲಿದ್ದ ಧಾರವಾಡದ ಮನೆ. ಹೊರಗೆ ಆಸ್ಟ್ರೇಲಿಯಾ, ಒಳಗೆ ಅಪ್ಪನ ತಾಯಿಯದೇ ಕಾರುಬಾರು. ಚೀಸ್ ಮಾಡಲು ಕರುವಿನ ಹೊಟ್ಟೆಯ ರಸ ಹಾಕುತ್ತಾರೆಂದು ಯಾರೋ ಹೇಳಿದ ದಿನದಿಂದ ಅಂಗಡಿಯ ಯಾವ ಪೊಟ್ಟಣವೂ ತಪಾಸಣೆಯಾಗದೆ ಅಡುಗೆಮನೆ ಸೇರುತ್ತಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು, ಸೊಸೆಯ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಬಿಸ್ಕತ್ತಾಗಲಿ, ಬ್ರೆಡ್ಡಾಗಲಿ, "ಮ್ಯಾಲೆ ಏನ ಬರದದ, ಓದಿ ಹೇಳು" ಎಂದು ಅಜ್ಜಿ ನನ್ನ ಕೈಗೆ ಕೊಡುವಳು. ನಾನು ಮಹಾ ಗತ್ತಿನಿಂದ ಓದಿ ತೀರ್ಪು ಕೊಡುವೆ, ಬೇಡವೆಂದದ್ದು ಸೀದಾ ಕಸದ ಬುಟ್ಟಿಗೆ. ಅಷ್ಟು ಹೊತ್ತೂ ಅಮ್ಮ ಚೀಲ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಅವಳಿಗೆ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತೆಂದು ನನಗೇನು ಗೊತ್ತು?

ಆಫೀಸಿನ ಕೆಲಸಕ್ಕೆ ಫ್ರಾನ್ಸಿಗೆ ಹೊರಟ ಅಪ್ಪ ನಮ್ಮಿಬ್ಬರನ್ನೂ ಕರೆದೊಯ್ದ, ಅಜ್ಜಿಯನ್ನು ಪಕ್ಕದ ಮನೆಯ ಆಂಟಿಗೆ ಒಪ್ಪಿಸಿ. ಅಪ್ಪ ಮೀಟಿಂಗಿನಲ್ಲಿದ್ದ ದಿನ ಅಮ್ಮ ನನ್ನ ಕೈಹಿಡಿದು ಧೈರ್ಯವಾಗಿ ಬಸ್ಸು ಹತ್ತಿದಳು. ಇಳಿದದ್ದು ಒಂದು ಹಳೇ ಕೋಟೆಯೂರಿನಲ್ಲಿ. ಸಂತೆ ತುಂಬ ಅಕ್ರೂಟು, ಜೇನು, ಮಣ್ಣು ಮೆತ್ತಿದ ಗಡ್ಡೆಗಳು, ಆಗತಾನೇ ಸುಟ್ಟ ದಪ್ಪ ಬ್ರೆಡ್ಡಿನ ಘಮ. ಅಮ್ಮನ ಚೀಲದಲ್ಲಿ ಅವಲಕ್ಕಿ ಮತ್ತು ಶೇಂಗಾ ಚಟ್ನಿ ಭದ್ರವಾಗಿದ್ದವು. ಕೋಟೆಯ ಬುರುಜು ಹತ್ತುವಾಗ ಸುತ್ತುಮೆಟ್ಟಿಲ ಮಧ್ಯೆ ಸಿಕ್ಕಿಹಾಕಿಕೊಂಡೆವು. ಮೇಲಿನಿಂದ ಇಳಿಯುವವರು, ಕೆಳಗಿನಿಂದ ಹತ್ತುವವರು, ಒಬ್ಬರೇ ಹಿಡಿಸುವಷ್ಟು ಜಾಗ. ಅಮ್ಮ ತಣ್ಣನೆಯ ಕಲ್ಲಿಗೆ ಬೆನ್ನು ಹಚ್ಚಿ ನಕ್ಕಳು. "ನಮ್ಮ ಮನ್ಯಾಗೂ ಹಿಂಗ ಅದ ನೋಡು. ಮ್ಯಾಲೆ ಹೋಗಲಿಕ್ಕೂ ಆಗೂದಿಲ್ಲ, ಕೆಳಗ ಇಳೀಲಿಕ್ಕೂ ಆಗೂದಿಲ್ಲ."

ಕೆಳಗಿಳಿದವಳು ನೆಟ್ಟಗೆ ಚೀಸಿನ ಅಂಗಡಿಗೆ ನಡೆದಳು. ಮುದುಕನೊಬ್ಬ ಬಿಳಿ ಚೀಸಿನ ಮುದ್ದೆಯಿಂದ ಚೂರು ಕೊಯ್ದು ಬ್ರೆಡ್ಡಿನ ಮೇಲಿಟ್ಟು ಕೊಟ್ಟ. ಅಮ್ಮ ಕಣ್ಣುಮುಚ್ಚಿ ತಿಂದಳು. ಇನ್ನೊಂದು ಕೇಳಿ ತಿಂದಳು. ನನ್ನ ಅಮ್ಮ ಅಷ್ಟು ಚಂದ ಇದ್ದಾಳೆಂದು ನನಗೆ ಗೊತ್ತಾದದ್ದೇ ಆವತ್ತು. ಬಸ್ಸಿನಲ್ಲಿ ಮಾತ್ರ ಮೆಲ್ಲಗೆ, "ಅಜ್ಜಿ ಮುಂದ ಹೇಳಬ್ಯಾಡ" ಎಂದಳು.

ಹೇಳಬೇಕೆಂದು ಹೇಳಿದ್ದಲ್ಲ. ವೆರಿಬೀಗೆ ಬಂದ ಮರುದಿನ ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅಲ್ಲಿ ಏನೇನು ತಿಂದಿರೆಂದು ಕೇಳಿದಳು. ನಾನು ಬಡಾಯಿಯಲ್ಲಿ ಅಮ್ಮ ಚೀಸ್ ತಿಂದಳು ಎಂದುಬಿಟ್ಟೆ. ಅದರ ಮೇಲೆ ಏನು ಬರೆದಿತ್ತು ಎಂದಳು. ಏನೂ ಬರೆದಿರಲಿಲ್ಲ ಅಜ್ಜಿ ಎಂದೆ. ಎಣ್ಣೆಯ ಕೈ ತಲೆಯ ಮೇಲೇ ನಿಂತಿತು. ಜಗಳವೇನೂ ಆಗಲಿಲ್ಲ. ಅವತ್ತಿನಿಂದ ಅಜ್ಜಿ ಅಮ್ಮನ ಕೈಯಡುಗೆ ಬಿಟ್ಟು ತಾನೇ ಒಲೆಯ ಮುಂದೆ ನಿಂತಳು, ದೇವರ ನೈವೇದ್ಯಕ್ಕೂ ಅವಳನ್ನು ಸೇರಿಸಲಿಲ್ಲ. ಅಪ್ಪ ಅಜ್ಜಿ ಬಡಿಸಿದ್ದನ್ನು ಉಂಡು ಆಫೀಸಿಗೆ ನಡೆದ. ಅಮ್ಮ ತನ್ನ ಮನೆಯ ಅಡುಗೆಮನೆಯ ಹೊಸ್ತಿಲಾಚೆಗೇ ಹನ್ನೊಂದು ವರ್ಷ ಕಳೆದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನಿಮ್ಮ ಬಾಲ್ಯದಲ್ಲೂ ವಾಪಸು ನುಂಗಲಾರದ ಇಂಥ ಮಾತೊಂದು ಇದ್ದರೆ ನಿಮಗಿದು ಅರ್ಥವಾದೀತು.

ಅಜ್ಜಿ ತೀರಿಹೋದ ಮರುವರ್ಷ ಸಿಡ್ನಿಯಿಂದ ಅಂಥದೇ ಚೀಸ್ ಕಟ್ಟಿಸಿಕೊಂಡು ಅಮ್ಮನ ಬಳಿ ಹೋದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಅಮ್ಮ ಪೊಟ್ಟಣವನ್ನು ಹಿಂದೆಮುಂದೆ ತಿರುಗಿಸಿ ನನ್ನ ಕೈಗೇ ಕೊಟ್ಟಳು.

"ಮ್ಯಾಲೆ ಏನ ಬರದದ, ಓದಿ ಹೇಳು."

ಕರುವಿನ ಹೊಟ್ಟೆಯ ರಸ ಹಾಕಿದೆಯೆಂದು ಸ್ಪಷ್ಟವಾಗಿಯೇ ಬರೆದಿತ್ತು. ಎಲ್ಲಾ ಸರಿ ಇದೆ ಅಮ್ಮ, ತಿನ್ನು ಎಂದೆ.

ಅಮ್ಮ ನನ್ನ ಕೆನ್ನೆ ಸವರಿದಳು. "ಇದನ್ನ ಅವತ್ತ ಹೇಳಬೇಕಿತ್ತವಾ" ಎಂದು ಪೊಟ್ಟಣವನ್ನು ಬಿಚ್ಚದೆ ಮೇಜಿನ ಮೇಲಿಟ್ಟಳು.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅಮ್ಮನೂ ಇಲ್ಲ. ಸಂತೆಯಲ್ಲಿ ಆ ಚೂರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದೆ. ಬಾಯಿಗಿಡಲೂ ಆಗಲಿಲ್ಲ, ವಾಪಸು ಕೊಡಲೂ ಆಗಲಿಲ್ಲ.