ವ್ಯಾನ್ ಹತ್ತಲು ಹದಿನೇಳು ಬೆಳಗು

ಒಂದು ಸುಳ್ಳಿಗೆ ನಾನು ತೆತ್ತದ್ದು ಹದಿನೇಳು ಬೆಳಗು, ವ್ಯಾನಿನ ಎರಡು ಸೀಟು, ಮತ್ತು ಏಳು ವರ್ಷದ ಒಂದು ಹುಡುಗಿ ನನ್ನ ಮೇಲಿಟ್ಟಿದ್ದ ನಂಬಿಕೆ. ಸೀಟುಗಳು ಮರುವರ್ಷ ತುಂಬಿದವು. ನಂಬಿಕೆ ಇನ್ನೂ ಪೂರ್ತಿ ತುಂಬಿಲ್ಲ. ಸುಳ್ಳು ಹೇಳಿದ್ದು ಯಾರ ಲಾಭಕ್ಕೂ ಅಲ್ಲ, ಮಗು ಅಳಬಾರದು ಎಂದು. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮನೆಯವರು ಹೇಳುವ ಸುಳ್ಳೇ ಅದು. ಅದಕ್ಕೇ ಬರೆಯುತ್ತಿದ್ದೇನೆ.

2023ರಲ್ಲಿ ನಾನು ಗೌನಿಪಲ್ಲಿ ಕಡೆಯ ಹಳ್ಳಿಗಳಿಂದ ಶ್ರೀನಿವಾಸಪುರದ ಒಂದು ಶಾಲೆಗೆ ವ್ಯಾನ್ ಓಡಿಸುತ್ತಿದ್ದೆ. ವ್ಯಾನ್ ನನ್ನದೇ, ಡ್ರೈವರೂ ನಾನೇ. ಓದಿದ್ದು ಏಳನೇ ಕ್ಲಾಸು. ಮೊದಲು ಮಾವಿನ ಮಂಡಿಯಲ್ಲಿ ಕ್ರೇಟ್ ಹೊತ್ತೆ, ಆಮೇಲೆ ಅಲ್ಲೇ ದಲ್ಲಾಳಿಗಳ ಪಕ್ಕ ನಿಂತು ಚೌಕಾಸಿ ಕಲಿತೆ. ಎದುರಿಗಿರುವವರಿಗೆ ಏನು ಬೇಕು ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಹದಿನಾಲ್ಕು ಮಕ್ಕಳು, ಆರು ಸ್ಟಾಪು, ಐವತ್ತು ನಿಮಿಷದ ಟ್ರಿಪ್ಪು. ಜೂನ್ ತಿಂಗಳಲ್ಲಿ ಮಾತ್ರ ಸಮಯ ಬಹಳ ಬಿಗಿ. ತೋತಾಪುರಿ ಮಾವಿನ ಲೋಡುಗಳು ಮಂಡಿಗೆ ಬರುವ ಕಾಲ. ಹತ್ತು ನಿಮಿಷ ತಡವಾದರೆ ಟ್ರ್ಯಾಕ್ಟರು, ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದು, ಶಾಲೆಯ ಗೇಟು ಮುಚ್ಚಿದ ಮೇಲೆ ತಲುಪಬೇಕು.

ಬೇಸಿಗೆ ರಜೆ ಮುಗಿದ ಮೊದಲ ವಾರ ಅಳುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ನಾನು ಅವರ ಜೊತೆ ವ್ಯಾಪಾರಕ್ಕೆ ಇಳಿಯುತ್ತಿದ್ದೆ. ಒಬ್ಬನಿಗೆ ಕಿಟಕಿ ಪಕ್ಕದ ಸೀಟು, ಒಬ್ಬಳಿಗೆ ಕಡ್ಲೆ ಮಿಠಾಯಿ, ಇನ್ನೊಬ್ಬನಿಗೆ ಒಂದು ಸಲ ಹಾರ್ನ್ ಹೊಡೆಯುವ ಅವಕಾಶ. ಮಕ್ಕಳೂ ಸಾಮಾನ್ಯರಲ್ಲ. ಇವತ್ತು ಒಂದು ಮಿಠಾಯಿಗೆ ಹತ್ತಿದವನು ನಾಳೆ ಎರಡು ಕೇಳುತ್ತಾನೆ. ವಾರದೊಳಗೆ ಹೇಗೋ ಕುದುರುತ್ತಿತ್ತು.

ಆ ಜೂನ್‌ನಲ್ಲಿ ಲಿಖಿತಾ ಮಾತ್ರ ಕುದುರಲಿಲ್ಲ. ಅವಳದು ಎರಡನೇ ಸ್ಟಾಪು. ಅಪ್ಪ ಮಂಜುನಾಥ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಮೇಯಿಸುವವನು. ಅಮ್ಮ ಸುಜಾತ. ಒಂದನೇ ಕ್ಲಾಸಿನಿಂದಲೂ ನಗುನಗುತ್ತಾ ವ್ಯಾನ್ ಹತ್ತುತ್ತಿದ್ದ ಮಗು, ಮೂರನೇ ಕ್ಲಾಸಿನ ಮೊದಲ ದಿನ ಯೂನಿಫಾರ್ಮ್ ಹಾಕಿಕೊಂಡು ಬಂದು ಬಾಗಿಲ ಕಂಬಿ ಹಿಡಿದು ನಿಂತುಬಿಟ್ಟಳು. ಮಿಠಾಯಿ ತೋರಿಸಿದೆ, ಕಿಟಕಿ ಅಂದೆ, ಹಾರ್ನ್ ಅಂದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಸುಜಾತ ಹಿಂದಿನಿಂದ ತಳ್ಳುತ್ತಾ, "ಎಕ್ಕಮ್ಮಾ, ಎಕ್ಕು", ಹತ್ತಮ್ಮಾ ಹತ್ತು, ಎಂದು ತೆಲುಗಿನಲ್ಲಿ ಗೋಗರೆಯುತ್ತಿದ್ದಳು. ಮಗು ಹತ್ತಲೇ ಇಲ್ಲ. ಎರಡನೇ ದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ.

ಮಂಡಿಯಲ್ಲಿ ಬೆಲೆಯನ್ನೇ ಹೇಳದವನಿಗೆ ಮಾರುವ ಮನಸ್ಸಿಲ್ಲ ಎಂದರ್ಥ. ಈ ಮಗು ಏನನ್ನೂ ಕೇಳುತ್ತಿಲ್ಲ, ಅಂದರೆ ಇದು ಹಟ ಅಲ್ಲ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಮೇಷ್ಟ್ರು ಹೊಡೆದಿರಬೇಕು ಅಂದ ಮಂಜುನಾಥ. ಶಾಲೆಯಲ್ಲಿ ವಿಚಾರಿಸಿದೆ, ಅಂಥದ್ದೇನೂ ಇರಲಿಲ್ಲ.

ನಾಲ್ಕನೇ ದಿನ ಮಂಜುನಾಥ ಮಗಳನ್ನು ಎತ್ತಿ ಒಳಗೆ ಕೂರಿಸಿ ಬಾಗಿಲೆಳೆದ. "ನೀನು ಹೊರಡು ರವಣಣ್ಣ, ಅರ್ಧ ದಾರಿಗೆ ಸರಿಹೋಗ್ತಾಳೆ" ಅಂದ. ಹೊರಟೆ. ಅರ್ಧ ಕಿಲೋಮೀಟರ್ ಹೋಗಿಲ್ಲ, ಹಿಂದಿನ ಮಕ್ಕಳು ಕೂಗಿಕೊಂಡರು. ಕನ್ನಡಿಯಲ್ಲಿ ನೋಡಿದರೆ, ಓಡುತ್ತಿರುವ ವ್ಯಾನಿನ ಬಾಗಿಲಿನ ಹಿಡಿಯನ್ನು ಅವಳು ಎರಡೂ ಕೈಯಿಂದ ಎಳೆಯುತ್ತಿದ್ದಾಳೆ. ಚೈಲ್ಡ್ ಲಾಕ್, ಅಂದರೆ ಒಳಗಿನಿಂದ ಬಾಗಿಲು ತೆರೆಯದಂತೆ ತಡೆಯುವ ಕೊಂಡಿ, ಹಾಕಿದ್ದೆ. ಅದೊಂದು ಮರೆತಿದ್ದರೆ ನಾನು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ರಸ್ತೆ ಬದಿಗೆ ನಿಲ್ಲಿಸಿ ಅವಳನ್ನು ಇಳಿಸಿಕೊಂಡೆ. ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು. ಬಾಯಿ ತೊಳೆಸಿ ಏನಮ್ಮಾ ಅಂತ ಕೇಳಿದೆ. ಬಿಕ್ಕುತ್ತಲೇ ಕೇಳಿದಳು:

"ಅಂಕಲ್, ಅಮ್ಮಂಗೆ ಜ್ವರ. ಬೆಳಿಗ್ಗೆ ಎದ್ದಿಲ್ಲ, ಮಲಗೇ ಇದ್ಳು. ಸಾಯಂಕಾಲ ಇರ್ತಾಳಾ?"

ಅವಳು ಹಾಗೆ ಕೇಳಿದ್ದು ಏಕೆ ಎಂದು ಹೇಳಲು ಏಪ್ರಿಲ್‌ಗೆ ಹೋಗಬೇಕು.

ಎರಡನೇ ಕ್ಲಾಸಿನ ಕೊನೆಯ ಪರೀಕ್ಷೆಯ ದಿನ ನಸುಕಿನಲ್ಲೇ ಮಂಜುನಾಥ ಫೋನ್ ಮಾಡಿದ್ದ. ಅವನ ತಾಯಿ ತೀರಿಕೊಂಡಿದ್ದರು. ಲಿಖಿತಾ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದ ಮಗು. ಸಾವಿನ ಮನೆಯಿಂದ ಚಿಕ್ಕ ಮಕ್ಕಳನ್ನು ದೂರ ಕಳಿಸುವುದು ನಮ್ಮ ಕಡೆಯ ರೂಢಿ. ನೋಡಿದರೆ ಹೆದರುತ್ತವೆ ಎಂದು. ಸ್ವಲ್ಪ ಬೇಗ ಬಾ, ಸಾಯಂಕಾಲ ಸ್ವಲ್ಪ ತಡವಾಗಿ ಬಿಡು ಅಂದ. ಹೋದೆ. ಹಿತ್ತಲ ಬಾಗಿಲಿಂದ ಮಗುವನ್ನು ಕರೆತಂದು ಕೂರಿಸಿದರು. ಅಜ್ಜಿ ಯಾಕೆ ಎದ್ದಿಲ್ಲ ಎಂದು ಅವಳು ನನ್ನನ್ನೇ ಕೇಳಿದ್ದಳು. "ಮಲಗವ್ಳೆ ಕಣಮ್ಮ, ಸಾಯಂಕಾಲ ಮಾತಾಡ್ಸುವಂತೆ" ಅಂದಿದ್ದೆ. ಸಂಜೆ ಉಳಿದ ಮಕ್ಕಳನ್ನೆಲ್ಲ ಮೊದಲು ಇಳಿಸಿ, ಸುತ್ತುದಾರಿಯಲ್ಲಿ ಅವಳನ್ನು ತಂದು ಬಿಟ್ಟೆ. ಅಷ್ಟರಲ್ಲಿ ಅವರ ತೋಟದಲ್ಲೇ ಮಣ್ಣು ಮಾಡಿ ಮುಗಿದಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೂ ಅವಳನ್ನು ಮುಳಬಾಗಿಲಿನ ಅತ್ತೆ ಮನೆಗೆ ಕಳಿಸಿದರಂತೆ. ವಾಪಸ್ ಬಂದಾಗ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಯಾರೂ ಏನೂ ಹೇಳಲಿಲ್ಲ. ಆಮೇಲೆ ರಜೆ. ಹೀಗಾಗಿ ಅಜ್ಜಿ ಹೋದ ಮೇಲೆ ಅವಳು ಅಪ್ಪ ಅಮ್ಮ ಇಬ್ಬರನ್ನೂ ಬಿಟ್ಟು ವ್ಯಾನ್ ಹತ್ತಬೇಕಾಗಿದ್ದು ಈ ಜೂನ್‌ನಲ್ಲೇ ಮೊದಲು.

ಅವಳ ಭಯ ಶಾಲೆಯದಲ್ಲ. ನನ್ನ ವ್ಯಾನಿನದು.

ರಸ್ತೆಯಲ್ಲಿ ನಿಂತು ಸುಜಾತಳಿಗೆ ಫೋನ್ ಮಾಡಿ ಮಾತಾಡಿಸಿದೆ. ಮಗು ಕೇಳಿಸಿಕೊಂಡಳು, ಆದರೆ ನೋಡದೆ ನಂಬಲಿಲ್ಲ. ವ್ಯಾನಿನಲ್ಲಿ ಉಳಿದ ಮಕ್ಕಳಿದ್ದರು, ಮುಂದೆ ನಾಲ್ಕು ಸ್ಟಾಪಿತ್ತು. ವ್ಯಾನ್ ತಿರುಗಿಸಿದೆ. ಸುಜಾತ ಹೊಸಿಲ ಮೇಲೆ ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹುಡುಗಿ ಉಸಿರುಬಿಟ್ಟಿದ್ದು. ಅವಳನ್ನು ಅಲ್ಲೇ ಬಿಟ್ಟು ಶಾಲೆ ತಲುಪುವಾಗ ನಲವತ್ತು ನಿಮಿಷ ತಡ. ಕೊನೆಯ ಸ್ಟಾಪಿನ ಎರಡು ಮನೆಯವರು ಮರುದಿನವೇ ಬೇರೆ ವ್ಯಾನ್ ನೋಡಿಕೊಂಡರು. ಅವರದೇನೂ ತಪ್ಪಿಲ್ಲ.

ಸಂಜೆ ಮಂಜುನಾಥನ ಮನೆ ಜಗಲಿಯಲ್ಲಿ ಕೂತು ಮಗಳಿಗೆ ನಿಜ ಹೇಳು ಅಂದೆ. ಅವನಿಗೆ ಸಿಟ್ಟು ಬಂತು.

"ಅಷ್ಟು ಚಿಕ್ಕ ಮಗೂಗೆ ಸಾವು ಗೀವು ಅಂತ ಹೇಳಿ ಹೆದರಿಸ್ಲಾ?"

"ಹೇಳ್ದೇ ಹೆದರಿಸಿದ್ದೀವಲ್ಲೋ, ನೀನೂ ನಾನೂ" ಅಂದೆ.

ಸೊಪ್ಪು ಕತ್ತರಿಸುತ್ತಿದ್ದ ಸುಜಾತಳೇ ಎದ್ದು ಕೈ ಒರೆಸಿಕೊಂಡು, ಹೋಗೋಣ ನಡಿ ಅಂದಳು. ಮಗುವನ್ನು ತೋಟಕ್ಕೆ ಕರೆದುಕೊಂಡು ಹೋದರು. ಮಣ್ಣು ಮಾಡಿದ ಜಾಗ ತೋರಿಸಿ, ಅಜ್ಜಿಯ ಉಸಿರು ನಿಂತುಹೋಯಿತು, ಅವರಿಗೆ ವಯಸ್ಸಾಗಿತ್ತು, ಇಲ್ಲಿ ಮಲಗಿಸಿದೆವು, ಇನ್ನು ಬರುವುದಿಲ್ಲ ಎಂದು ಮಂಜುನಾಥನೇ ಹೇಳಿದ. ಹೇಳುತ್ತಾ ಅವನೂ ಅತ್ತ. ಅಪ್ಪ ಅತ್ತದ್ದನ್ನು ಲಿಖಿತಾ ಅವತ್ತೇ ಮೊದಲ ಸಲ ನೋಡಿದ್ದಂತೆ. ನಾನೂ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವತ್ತು ಸುಳ್ಳು ಹೇಳಿದೆ, ತಪ್ಪಾಯಿತು ಅಂದೆ.

"ಅವತ್ತು ನೀವು ಸುತ್ತಾಡಿಸ್ಕೊಂಡು ಬಂದ್ರಿ. ನಂಗೊತ್ತಿತ್ತು" ಅಂದಳು.

 

ಮರುದಿನದಿಂದ ಮಿಠಾಯಿ ನಿಲ್ಲಿಸಿದೆ. ಸುಜಾತ ಜ್ವರ ಬಿಟ್ಟ ಮೇಲೆ ಕೆಲವು ದಿನ ಶಾಲೆಯವರೆಗೂ ಜೊತೆಗೆ ಬಂದಳು, ಆಮೇಲೆ ಮುಂದಿನ ಸ್ಟಾಪಿನವರೆಗೆ, ಆಮೇಲೆ ಬೀದಿಯ ತುದಿಯವರೆಗೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕ್ಲಾಸ್ ಟೀಚರ್ ಒಂದು ನಿಮಿಷ ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿಸುತ್ತಿದ್ದರು. ನಡುವೆ ಎರಡು ದಿನ ಮತ್ತೆ ಕಂಬಿ ಹಿಡಿದು ನಿಂತಳು. ಆಗಲೂ ಎತ್ತಿ ಹಾಕಲಿಲ್ಲ, ಕಾದೆವು. ಹದಿನೇಳನೇ ಬೆಳಗು ಒಬ್ಬಳೇ ಹತ್ತಿದಳು. ಗೆದ್ದೆವು ಎಂದು ಹೇಳಲಾರೆ. ಈಗಲೂ ಅವಳು ಹತ್ತುವ ಮುಂಚೆ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳುತ್ತಾಳೆ. ಕೇಳುವುದು ನನ್ನನ್ನಲ್ಲ, ಅಮ್ಮನನ್ನು.

ನಿಮ್ಮ ಮನೆಯಲ್ಲೂ ರಜೆ ಮುಗಿದ ಮೇಲೆ ಮಗು ಶಾಲೆಗೆ ಹೋಗಲ್ಲ ಅಂದರೆ, ಮೊದಲು ಶಾಲೆಯನ್ನೇ ಅನುಮಾನಿಸಬೇಡಿ, ರಜೆಗೆ ಮುಂಚೆ ಮನೆಯಲ್ಲಿ ಏನಾಯಿತು ಎಂದು ನೆನೆಸಿಕೊಳ್ಳಿ. ಅಳುವಿಗೆ ಬೆಲೆ ಕಟ್ಟಬೇಡಿ. ಏನು ಕೊಡುತ್ತೇನೆ ಅಂದರೂ ಸುಮ್ಮನಾಗದ ಮಗು ಹಟ ಮಾಡುತ್ತಿಲ್ಲ, ಯಾರನ್ನೋ ಕಳೆದುಕೊಳ್ಳದಂತೆ ಕಾಯುತ್ತಿದೆ. ಎತ್ತಿ ವ್ಯಾನಿಗೆ ಹಾಕಬೇಡಿ. ಬೆಳಿಗ್ಗೆ ಬೀಳ್ಕೊಡುವುದು ಚಿಕ್ಕದಾಗಿರಲಿ, ಸಂಜೆ ಯಾರು ಎಲ್ಲಿ ನಿಂತಿರುತ್ತೀರಿ ಎಂದು ಹೇಳಿ, ಹೇಳಿದ ಜಾಗದಲ್ಲೇ ನಿಂತಿರಿ. ಆಸ್ಪತ್ರೆಗೆ ಹೋಗುವುದಿದ್ದರೆ ಅದನ್ನೂ ಹೇಳಿ. ನಿಮ್ಮ ಸುಳ್ಳನ್ನು ವ್ಯಾನಿನವನ ಬಾಯಲ್ಲಿ ಹಾಕಬೇಡಿ, ಅವನು ನಾಳೆಯೂ ಅದೇ ಮಗುವನ್ನು ಕರೆಯಲು ಬರಬೇಕು. ಮನೆಯಲ್ಲಿ ಸಾವಾದ ದಿನ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಅಳುತ್ತದೆ, ಅಳಲಿ. ನಿಮ್ಮ ಮಡಿಲಲ್ಲಿ ಕೂತು ಅಳಲಿ.