ಸ್ಟೋರಿನ ಎಂಟು ಗಂಟೆ

ನಮ್ಮ ರೋಣದ ಕಡೆ ಬೆಳಗಾದರೆ ಮೊಬೈಲಿಗೆ ಬರುವುದು ಹೂವಿನ ಚಿತ್ರದ ಶುಭೋದಯ. ಇಲ್ಲಿ ಬರುವುದು ಅರಣ್ಯ ಇಲಾಖೆ ಕಳಿಸುವ ಆನೆಯ ಸುದ್ದಿ. ಹೆಗ್ಗದ್ದೆ ಹತ್ತಿರದ ಈ ಕಾಫಿ ಎಸ್ಟೇಟಿಗೆ ನಾನು ಬಂದ ಮೊದಲ ದಿನವೇ ಮೇಸ್ತ್ರಿ ಸಣ್ಣಪ್ಪಣ್ಣ ತಮ್ಮ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. ಪಕ್ಕದ ತೋಟದಲ್ಲಿ ಐದು ಆನೆ, ಜೊತೆಗೊಂದು ಮರಿ ಎಂದಿತ್ತು. ಓದಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರೋ ಬಸ್ಸು ತಡವೆಂದು ಕೇಳಿದವರ ಹಾಗೆ ಮೊಬೈಲ್ ಜೇಬಿಗಿಟ್ಟು, ಆಳುಗಳನ್ನು ಬೇರೆ ದಿಕ್ಕಿಗೆ ಕಳಿಸಿದರು.

ನನ್ನ ಕೆಲಸ ರೈಟರ್. ಅಮ್ಮ ಊರೆಲ್ಲ ಮಗಳು ಸಾಹಿತಿಯಾದಳು ಎಂಬಂತೆ ಪೇಢೆ ಹಂಚಿದ್ದಳು. ಇಲ್ಲಿ ಬರೆಯುವುದು ಆಳುಗಳ ಹಾಜರಿ. ಜೊತೆಗೆ, ಬೆಂಗಳೂರಿನಲ್ಲಿರುವ ಮಾಲೀಕರಿಗೆ ಇಂಗ್ಲಿಷಿನಲ್ಲಿ ವರದಿ. ಇರಲು ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಕೋಣೆ. ನಮ್ಮ ಎರೆಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿಯೂ ಕಾಣುತ್ತದೆ. ಇಲ್ಲಿ ಕಾಫಿ ಗಿಡಗಳ ನಡುವೆ ಹತ್ತು ಹೆಜ್ಜೆಯಾಚೆ ನಿಂತವರು ಕಾಣುವುದಿಲ್ಲ, ಕೆಮ್ಮಿದರೆ ಗೊತ್ತಾಗಬೇಕು. ಮೊದಲ ತಿಂಗಳು ರೊಟ್ಟಿ ಬಡಿಯಲು ಜೋಳದ ಹಿಟ್ಟು ಸಿಗದೆ ಅತ್ತಿದ್ದೇನೆ, ನಾಚಿಕೆ ಯಾಕೆ. ಪಕ್ಕದ ಮನೆಯ ರತ್ನಕ್ಕ, ಕಾಫಿ ಹಣ್ಣು ಕೊಯ್ಯುವವಳು, ಬಿಸಿ ಅಕ್ಕಿ ರೊಟ್ಟಿ ತಂದಿಟ್ಟು ತಿನ್ನುವವರೆಗೂ ಎದುರಿಗೆ ಕೂತಳು. ನಮ್ಮ ‘ಐತಿ’ ಇಲ್ಲಿಯ ‘ಐತೆ’ ಆಗಲು ನಾಲ್ಕು ತಿಂಗಳು ಸಾಕಾಯಿತು. ನಾನೂ ಇಲ್ಲಿಯವಳೇ ಆದೆ ಅಂದುಕೊಂಡೆ.

ಹಣ್ಣು ಕೊಯ್ಲು ನಡೆಯುತ್ತಿದ್ದ ಒಂದು ಬೆಳಿಗ್ಗೆ, ಆಳುಗಳು ಕೆಳಗಿನ ತೋಟಕ್ಕೆ ಇಳಿದ ಸ್ವಲ್ಪ ಹೊತ್ತಿಗೆ ಕೂಗು ಕೇಳಿತು. ಒಂಟಿ ಆನೆ ಬಂದಿತ್ತು. ಎಲ್ಲರೂ ಓಡಿದರು. ರತ್ನಕ್ಕ ನೀರು ಇಂಗಲು ತೆಗೆದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಳು. ಸಣ್ಣಪ್ಪಣ್ಣ ಅವಳನ್ನು ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಸಾಗಿಸಿ ಬಂದರು.

ಮಾಲೀಕರು ಫೋನಿನಲ್ಲಿ, ಮೊದಲು ಏನಾಯಿತು, ಆಮೇಲೆ ಏನು, ಗಂಟೆ ನಿಮಿಷದ ಸಮೇತ ಬರೆದು ಸಂಜೆಯೊಳಗೆ ಕಳಿಸಿ ಎಂದರು. ಈ ಊರಿನವರು ಯಾವುದನ್ನೂ ಹಾಗೆ ಹೇಳುವುದಿಲ್ಲ. ಗಂಟೆ ಹೊಡೆದ ಮೇಲೆ, ಕಾಫಿ ಕುಡಿಯೋ ಮುಂಚೆ, ಇಷ್ಟೇ. ನಮ್ಮ ಊರಿನಲ್ಲಿಯೂ ಬುತ್ತಿ ಬಿಚ್ಚೋ ಹೊತ್ತಿಗೆ ಅಂದರೆ ಮುಗಿಯಿತು. ಆದರೆ ಇಂಗ್ಲಿಷಿನಲ್ಲಿ ಬಿಫೋರ್, ಆಫ್ಟರ್, ದೆನ್ ಎಂದು ಮಣಿ ಪೋಣಿಸಿದಂತೆ ಬರೆಯುವುದರಲ್ಲಿ ಕಾಲೇಜಿನಲ್ಲಿ ನನ್ನದೇ ಮೇಲುಗೈ. ಆ ಜಂಬ ಇತ್ತು.

ಸಣ್ಣಪ್ಪಣ್ಣನನ್ನು ಕೇಳಿದೆ. ಆಳು ಇಳಿದ ಮೇಲೆ ಆನೆಯ ಮೆಸೇಜು ಬಂತು, ನೋಡಿದ ಕೂಡಲೇ ವಾಪಸ್ ಬನ್ನಿ ಎಂದು ಕೂಗುತ್ತ ಓಡಿದೆ ಎಂದರು. ಅವರ ಮೊಬೈಲ್ ನೋಡಿದೆ. ಮೆಸೇಜು ಬಂದದ್ದು ಏಳು ಐವತ್ತಕ್ಕೆ. ಆಳುಗಳನ್ನು ಕಳಿಸುವ ಗಂಟೆ ಹೊಡೆದಾಗ ನಾನೇ ಸ್ಟೋರಿನಲ್ಲಿ, ಅಂದರೆ ಎಸ್ಟೇಟಿನ ಉಗ್ರಾಣದಲ್ಲಿ, ಇದ್ದೆ. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಎಂಟು. ಈ ಮನುಷ್ಯ ಸುದ್ದಿ ಗೊತ್ತಿದ್ದೂ ಆಳುಗಳನ್ನು ಇಳಿಸಿ, ಈಗ ಸುಳ್ಳು ಹೇಳುತ್ತಿದ್ದಾನೆ. ಮನುಷ್ಯ ಸುಳ್ಳು ಹೇಳಬಹುದು, ಗಡಿಯಾರ ಹೇಳುತ್ತದೆಯೇ? ಏಳು ಐವತ್ತಕ್ಕೆ ಮೆಸೇಜು, ಎಂಟಕ್ಕೆ ಆಳು, ನಂತರ ಆನೆ ಎಂದು ಬರೆದು ಕಳಿಸಿಬಿಟ್ಟೆ.

ಮರುದಿನವೇ ಆಜ್ಞೆ ಬಂತು: ಭಾನುವಾರದೊಳಗೆ ಸಣ್ಣಪ್ಪ ಕೆಲಸ, ಮನೆ ಎರಡೂ ಬಿಡಬೇಕು. ಗೊತ್ತಿದ್ದೂ ಆಳು ಇಳಿಸಿದ ಎಂಬ ಮಾತಷ್ಟೇ ಲೈನಿಗೆ ಮುಟ್ಟಿತು, ನಾನು ಬರೆದ ಗಂಟೆಗಳು ಯಾರಿಗೂ ಗೊತ್ತಿರಲಿಲ್ಲ. ರತ್ನಕ್ಕನ ಗಂಡ ಮೇಸ್ತ್ರಿಯ ಬಾಗಿಲ ಮುಂದೆ ಉಗಿದು ಹೋದ. ಇಪ್ಪತ್ತಾರು ವರ್ಷ ಇಲ್ಲೇ ಇದ್ದವರು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು.

ಶನಿವಾರ ಆಸ್ಪತ್ರೆಗೆ ಹೋದೆ. ರತ್ನಕ್ಕ ಬ್ಯಾಂಡೇಜು ಸುತ್ತಿದ ಕಾಲು ಚಾಚಿ ಮಲಗಿದ್ದಳು. ನಾನು ತಂದ ಬಾಳೆಹಣ್ಣಿನ ಕಡೆ ನೋಡಲೂ ಇಲ್ಲ.

“ಕಾಲು ಹೋದ್ರೆ ಹೋಗ್ಲಿ ಕಣೇ. ಗೊತ್ತಿದ್ದೂ ಕಳ್ಸುದ್ನಾ ಮೇಸ್ತ್ರಿ? ಅದೊಂದು ಹೇಳು.”

ನಾನು ಏಳು ಐವತ್ತು, ಎಂಟು ಎಂದು ಪಾಠ ಒಪ್ಪಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು.

“ಎಂಟು ಅಂದ್ರೆ ಯಾವ ಎಂಟು? ಸ್ಟೋರ್ ಎಂಟಾ? ಆ ಗಡಿಯಾರ ಇಪ್ಪತ್ತು ನಿಮಿಷ ಮುಂದೈತಲ್ಲ.”

ಈಗಿನ ಮಾಲೀಕರ ಅಜ್ಜ, ಆಳು ತಡವಾಗಿ ಬರಬಾರದೆಂದು ಮುಂದಿಟ್ಟದ್ದಂತೆ. ಲೈನಿನ ಮಕ್ಕಳಿಗೂ ಗೊತ್ತು. ಹೇಳುವ ವಿಷಯ ಎಂದೇ ಯಾರಿಗೂ ಅನ್ನಿಸಿರಲಿಲ್ಲ. ನನ್ನ ಮೊಬೈಲೋ, ನನ್ನ ಸಿಮ್ಮಿಗೆ ಸಿಗ್ನಲ್ ಸಿಗುವ ಒಂದೇ ಜಾಗವಾದ ಕೋಣೆಯ ಕಿಟಕಿಯಲ್ಲಿ ಬಿದ್ದಿರುತ್ತಿತ್ತು; ಎರಡನ್ನೂ ನಾನು ಒಟ್ಟಿಗೆ ನೋಡಿಯೇ ಇರಲಿಲ್ಲ. ಅಂದರೆ ಆಳು ಇಳಿದದ್ದು ಏಳು ನಲವತ್ತಕ್ಕೆ. ಮೆಸೇಜು ಬಂದದ್ದು ಹತ್ತು ನಿಮಿಷ ಆದ ಮೇಲೆ. ಸಣ್ಣಪ್ಪಣ್ಣ ಹೇಳಿದ್ದು ಅಕ್ಷರಶಃ ನಿಜ.

ಸಂಜೆಯೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ನಂಬಲಿಲ್ಲ. ಮೇಸ್ತ್ರಿ ನಿಮ್ಮನ್ನು ಹೆದರಿಸಿದನೇ ಎಂದರು. ಕೊನೆಗೆ, ಗಡಿಯಾರ ಮುಂದಿರುವುದು ಯಾರಿಗೆ ಗೊತ್ತಿತ್ತು, ಯಾರಿಗೆ ಇಲ್ಲ, ಬರೆದು ಸಹಿ ಹಾಕಿ ಎಂದರು. ತಪ್ಪು ಯಾರದೋ ಅವರು ಹೋಗಬೇಕಾಗುತ್ತದೆ ಎಂದೂ ಸೇರಿಸಿದರು.

ಬರೆಯಲು ಕೂತೆ. ನಾಲ್ಕು ತಿಂಗಳು ಇಲ್ಲಿಯವಳಾಗಲು ಒದ್ದಾಡಿದವಳು ನಾನು. ಈಗ ಆ ಮನುಷ್ಯನ ಮನೆ ಉಳಿಯಬೇಕಾದರೆ ಒಂದು ಸಾಲು ಬರೆಯಲೇಬೇಕಿತ್ತು: ಇಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟು ಸುಲಭದ ಸಾಲು ನಾನು ಎಂದೂ ಬರೆದಿಲ್ಲ. ಆದರೂ ಮೂರು ಹಾಳೆ ಹರಿದು, ನಾಲ್ಕನೆಯದಕ್ಕೆ ಸಹಿ ಹಾಕಿದೆ.

ಕಳಿಸುವ ಮುಂಚೆ ಸಣ್ಣಪ್ಪಣ್ಣನ ಮನೆಗೆ ಹೋಗಿ, ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ತಪ್ಪಾಯಿತು ಎಂದೆ. ಗೋಣಿಚೀಲದ ಮೇಲೆ ಕೈಯೂರಿ ಪೂರ್ತಿ ಕೇಳಿದರು.

“ನಾನೂ ಅವತ್ತು ಇದ್ನೇ ಹೇಳಿದ್ದು ರೈಟ್ರಮ್ಮ,” ಎಂದರು. “ಇಂಗ್ಲಿಷಲ್ಲಿ ಹೇಳಿರ್ಲಿಲ್ಲ, ಅಷ್ಟೇಯ.”

ಅವರ ಕೆಲಸ ಉಳಿಯಿತು. ನನ್ನದು ಏನೆಂದು ಬೆಂಗಳೂರಿನಿಂದ ಇನ್ನೂ ಹೇಳಿಲ್ಲ. ಅಮ್ಮ ಫೋನಿನಲ್ಲಿ, ಬಂದ್ಬಿಡವ್ವ, ಸಾಕಿನ್ನ ಅನ್ನುತ್ತಾಳೆ. ಆ ಸಾಲು ಬರೆದು ಕಳಿಸಿದ ದಿನವೇ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಬಿಚ್ಚಲೂ ಮನಸ್ಸಿಲ್ಲ, ಹೊರಲೂ ಮನಸ್ಸಿಲ್ಲ. ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ಹಾಜರಿ ಬರೆಯಲು ಹೋಗುತ್ತೇನೆ.